ಫಲಕ ಓದಿ, ಡಬ್ಬಿ ಹುಡುಕಿ: ರಸ್ತೆ ಬದಿಯ ಇತಿಹಾಸ ಫಲಕದ ಹತ್ತಿರ ಜಿಯೋಕ್ಯಾಶಿಂಗ್

ರಸ್ತೆ ಬದಿಯಲ್ಲಿ ಒಂದು ಕಂಬ, ಅದರ ಮೇಲೆ ಲೋಹದ ಫಲಕ. ಇಂಥ ಇಸವಿಯಲ್ಲಿ ಇಲ್ಲಿ ಇಂಥದ್ದು ನಡೆಯಿತು ಅಂತ ಏಳೆಂಟು ಸಾಲು ಬರೆದಿರುತ್ತಾರೆ. ಗಾಡಿಯಲ್ಲಿ ಹೋಗುವವರು ಯಾರೂ ನಿಲ್ಲಿಸಿ ಓದುವುದಿಲ್ಲ. ಓದುವವರು ಯಾರಾದರೂ ಇದ್ದರೆ, ಅವರಲ್ಲಿ ಅರ್ಧ ಜನ ಜಿಯೋಕ್ಯಾಶಿಂಗ್ ಆಡುವವರೇ ಅಂತ ನನಗೆ ಗುಮಾನಿ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಯಾರೋ ಒಬ್ಬರು ಒಂದು ಡಬ್ಬಿಯೊಳಗೆ ಹೆಸರು ಬರೆಯುವ ಹಾಳೆ ಹಾಕಿ ಎಲ್ಲೋ ಬಚ್ಚಿಡುತ್ತಾರೆ, ಆ ಜಾಗದ ಜಿಪಿಎಸ್ ನಿರ್ದೇಶಾಂಕವನ್ನು ವೆಬ್‌ಸೈಟಿಗೆ ಹಾಕುತ್ತಾರೆ, ನೀವು ಫೋನ್ ಹಿಡಿದು ಹೋಗಿ ಹುಡುಕಿ, ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತೀರಿ. ಅಷ್ಟೇ. 2000ದ ಮೇ 2ರಂದು ಅಮೆರಿಕ ಸರ್ಕಾರ ಸಾರ್ವಜನಿಕ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿವರೆಗೆ ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಚುರುಕಾಯಿತು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎನ್ನುವವರು ಆರೆಗಾನ್ ರಾಜ್ಯದಲ್ಲಿ ಒಂದು ಕಪ್ಪು ಬಕೆಟ್ಟನ್ನು ಅರ್ಧ ಮಣ್ಣಲ್ಲಿ ಹೂತಿಟ್ಟು ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಆಟ ಶುರುವಾಗಿದ್ದು ಹಾಗೆ. ಈಗಿನ ನಿಯಮದಲ್ಲಿ ಜಮೀನಿನ ಮಾಲೀಕರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆದು ಹೂಳುವ ಹಾಗಿಲ್ಲ, ಅಂದರೆ ಅಂಥ ಅನುಮತಿ ಇಲ್ಲದಿದ್ದರೆ ಆ ಮೊದಲ ಬಕೆಟ್ಟನ್ನು ಇವತ್ತು ಒಪ್ಪುತ್ತಿರಲಿಲ್ಲ!

ಹೀಗೆ ಬಚ್ಚಿಟ್ಟ ಡಬ್ಬಿಯನ್ನು ಕ್ಯಾಶ್ ಅನ್ನುತ್ತಾರೆ. ಇತಿಹಾಸ ಫಲಕದ ಹತ್ತಿರದ ಕ್ಯಾಶ್‌ಗಳು ಬೇರೆಯದೇ ಜಾತಿ. ಕಾಡಿನೊಳಗೆ ಗಂಟೆಗಟ್ಟಲೆ ನಡೆಯುವುದು ಬೇಡ, ಬೆಟ್ಟ ಹತ್ತುವುದು ಬೇಡ. ಆದರೆ ಸುಲಭ ಅಂದುಕೊಂಡು ಹೋದವರೇ ಇಲ್ಲಿ ಜಾಸ್ತಿ ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಕಾರಣ ಒಂದೇ. ಬಂದವರೇ ಫಲಕವನ್ನು ತಡಕಾಡಲು ಶುರು ಮಾಡುತ್ತಾರೆ. ಫಲಕ ಇರುವುದು ತಡಕಾಡಲಿಕ್ಕಲ್ಲ, ಓದಲಿಕ್ಕೆ. ಡಬ್ಬಿಗೆ ದಾರಿ ಸಾಮಾನ್ಯವಾಗಿ ಅದರ ಅಕ್ಷರಗಳಲ್ಲಿ ಇರುತ್ತದೆ, ಅದರ ಬೆನ್ನ ಹಿಂದೆ ಅಲ್ಲ.

ಮೊದಲು ಪುಟ ನೋಡಿ

ಪ್ರತಿ ಕ್ಯಾಶಿಗೂ ಆಟದ ವೆಬ್‌ಸೈಟ್ ಮತ್ತು ಆ್ಯಪ್‌ನಲ್ಲಿ ಒಂದು ಪುಟ ಇರುತ್ತದೆ. ಆ್ಯಪ್‌ನಲ್ಲಿ ನಕ್ಷೆ ತೆರೆದಾಗ ಫಲಕ ಇರುವ ಜಾಗದಲ್ಲಿ ಒಂದು ಚಿಹ್ನೆ ಕಾಣುತ್ತದೆ. ಅದು ಯಾವ ಬಗೆಯ ಚಿಹ್ನೆ ಅನ್ನುವುದೇ ಅರ್ಧ ಉತ್ತರ. ಟ್ರೆಡಿಷನಲ್ ಅಂತ ಇದ್ದರೆ ಕೊಟ್ಟ ನಿರ್ದೇಶಾಂಕದಲ್ಲೇ ಡಬ್ಬಿ ಇದೆ, ಲೆಕ್ಕ ಏನೂ ಇಲ್ಲ. ಮಲ್ಟಿ ಅಂತ ಇದ್ದರೆ ಫಲಕ ಮೊದಲ ಹಂತ ಮಾತ್ರ. ಅಲ್ಲಿನ ಇಸವಿ, ಸಂಖ್ಯೆಗಳನ್ನು ಸೂತ್ರಕ್ಕೆ ಹಾಕಿ ಮುಂದಿನ ಜಾಗ ಕಂಡುಹಿಡಿಯಬೇಕು. ಮಿಸ್ಟರಿ ಅಂತ ಇದ್ದರೆ ನಕ್ಷೆಯ ಗುರುತು ಬರೀ ನೆಪ, ಬಿಡಿಸಬೇಕಾದ ಒಗಟು ಪುಟದಲ್ಲೇ ಇರುತ್ತದೆ. ನಿಜವಾದ ಡಬ್ಬಿ ಸಾಮಾನ್ಯವಾಗಿ ಆ ಗುರುತಿನಿಂದ ಎರಡು ಮೂರು ಕಿಲೋಮೀಟರ್ ಒಳಗೇ ಇರುತ್ತದೆ.

ವರ್ಚುವಲ್ ಅಂತ ಇದ್ದರೆ ಡಬ್ಬಿಯೇ ಇಲ್ಲ. ಫಲಕ ಓದಿ, ಕೇಳಿದ ಪ್ರಶ್ನೆಗೆ ಉತ್ತರವನ್ನು ಅದರ ಮಾಲೀಕರಿಗೆ, ಅಂದರೆ ಆ ಕ್ಯಾಶ್ ಮಾಡಿದವರಿಗೆ, ಮೆಸೇಜ್ ಮಾಡಿದರೆ ಮುಗಿಯಿತು, ಕೆಲವರು ಫೋಟೋ ಕೂಡ ಕೇಳುತ್ತಾರೆ. ಇದನ್ನು ತಿಳಿಯದೆ ಕಂಬದ ಸುತ್ತ ಹುಲ್ಲು ಕೆದಕುತ್ತಾ ಅರ್ಧ ಗಂಟೆ ಕಳೆಯುವವರೂ ಇದ್ದಾರೆ. ಅಂಥ ಕ್ಯಾಶ್‌ಗಳು ಈಗ ಕಡಿಮೆ. 2005ರ ಹೊತ್ತಿಗೆ ಹೊಸ ವರ್ಚುವಲ್‌ಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು, 2017ರಲ್ಲಿ ಆಯ್ದ ಕೆಲವರಿಗೆ ಮಾತ್ರ ಮತ್ತೆ ಅವಕಾಶ ಕೊಟ್ಟರು. ಹಾಗಾಗಿ ಹಳೆಯ ವರ್ಚುವಲ್ ಕಂಡರೆ ಬಿಡಬೇಡಿ.

ಬಗೆ ನೋಡಿದ ಮೇಲೆ ಗಾತ್ರ ನೋಡಿ. ಮೈಕ್ರೋ ಅಂದರೆ 100 ಮಿಲಿಗಿಂತ ಕಡಿಮೆ ಹಿಡಿಯುವ ಡಬ್ಬಿ. ಸ್ಮಾಲ್ ಅಂದರೆ ಅಲ್ಲಿಂದ 1 ಲೀಟರ್‌ವರೆಗೆ, ರೆಗ್ಯುಲರ್ ಅಂದರೆ 20 ಲೀಟರ್‌ವರೆಗೆ. ಫಲಕಗಳ ಹತ್ತಿರ ಬಹುಪಾಲು ಮೈಕ್ರೋಗಳೇ. ಅದರಲ್ಲೂ ನ್ಯಾನೋ ಅನ್ನುವುದು ಬೆರಳ ತುದಿಯಷ್ಟು ದೊಡ್ಡದಿರುತ್ತದೆ, ಹಿಂದೆ ಅಯಸ್ಕಾಂತ, ಒಳಗೆ ಸುರುಳಿ ಸುತ್ತಿದ ಕಾಗದದ ಪಟ್ಟಿ. ಕಷ್ಟ (ಹುಡುಕುವುದು ಎಷ್ಟು ಕಷ್ಟ) ಮತ್ತು ನೆಲದ (ಅಲ್ಲಿಗೆ ತಲುಪುವುದು ಎಷ್ಟು ಕಷ್ಟ) ಅಂಕಗಳು 1ರಿಂದ 5ರವರೆಗೆ ಇರುತ್ತವೆ, ಅರ್ಧರ್ಧ ಅಂಕದ ಹೆಜ್ಜೆಯಲ್ಲಿ. ನೆಲದ ಅಂಕ 1 ಇದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು ಅಂತ ಅರ್ಥ, ಅಂದರೆ ಬೇಲಿಯಾಚೆ ಇಳಿದು ಹುಡುಕುವ ಅಗತ್ಯ ಇಲ್ಲ. ಇಷ್ಟು ತಿಳಿದರೆ ಅರ್ಧ ಜಾಗವನ್ನು ಮನೆಯಲ್ಲೇ ಕೂತು ಹೊಡೆದುಹಾಕಬಹುದು.

ಕೊನೆಗೆ ಹಿಂದಿನವರು ಬರೆದ ಲಾಗ್‌ಗಳು, ಅಂದರೆ ಸಿಕ್ಕಿತು, ಸಿಗಲಿಲ್ಲ ಅಂತ ಪುಟದಲ್ಲಿ ಹಾಕಿದ ಟಿಪ್ಪಣಿಗಳು. ಇದನ್ನು ಓದದೆ ಹೊರಡಬೇಡಿ. ಈಚಿನ ಮೂರು ನಾಲ್ಕು ಜನ ಸಿಗಲಿಲ್ಲ ಅಂತ ಬರೆದಿದ್ದರೆ ಡಬ್ಬಿ ಬಹುಶಃ ಹೋಗಿದೆ. ರಸ್ತೆ ಕೆಲಸ ನಡೆಯುತ್ತಿದೆ, ಫಲಕ ಕಾಣುತ್ತಿಲ್ಲ ಅಂತ ಯಾರಾದರೂ ಬರೆದಿದ್ದರೆ ಪೆಟ್ರೋಲ್ ಉಳಿಸಿ. ಸುಳಿವು ಕೊಟ್ಟಿದ್ದರೆ ಅದನ್ನು ಗೂಢಲಿಪಿಯಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಅಕ್ಷರಗಳನ್ನು ಹದಿಮೂರು ಮನೆ ಮುಂದೆ ತಳ್ಳಿದ್ದು ಅಷ್ಟೇ, ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಸುಳಿವು ನೋಡಿದರೆ ಮರ್ಯಾದೆ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ರಸ್ತೆ ಬದಿಯಲ್ಲಿ ಬೇಗ ಮುಗಿಸಿ ಹೊರಡುವುದೇ ಜಾಣತನ.

ಪುಟವನ್ನು ಆಫ್‌ಲೈನ್ ಉಳಿಸಿಕೊಳ್ಳಿ, ಹೆದ್ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುವುದು ಮಾಮೂಲು. ಪೆನ್ನು ಮರೆಯಬೇಡಿ, ಮೈಕ್ರೋದೊಳಗೆ ಪೆನ್ನು ಹಿಡಿಸುವುದಿಲ್ಲ. ಸುರುಳಿ ಕಾಗದ ಎಳೆಯಲು ಒಂದು ಚಿಮಟ, ಒಂದು ಸಣ್ಣ ಟಾರ್ಚ್, ಒಂದು ಜೊತೆ ಕೈಗವಸು. ಇಷ್ಟು ಸಾಕು.

ಗಾಡಿ ಎಲ್ಲಿ ನಿಲ್ಲಿಸುತ್ತೀರಿ?

ಇದು ಡಬ್ಬಿಗಿಂತ ಮುಖ್ಯ. ಒಳ್ಳೆಯ ಪುಟದಲ್ಲಿ ಪಾರ್ಕಿಂಗ್‌ಗೆ ಬೇರೆಯೇ ನಿರ್ದೇಶಾಂಕ ಕೊಟ್ಟಿರುತ್ತಾರೆ, ಅದನ್ನೇ ದಾರಿ ತೋರಿಸುವ ಆ್ಯಪ್‌ಗೆ ಹಾಕಿ. ಕೊಟ್ಟಿಲ್ಲದಿದ್ದರೆ ಉಪಗ್ರಹ ಚಿತ್ರದಲ್ಲಿ ಮೊದಲೇ ನೋಡಿಕೊಳ್ಳಿ. ಕೆಲವು ಫಲಕಗಳ ಮುಂದೆ ಗಾಡಿ ನಿಲ್ಲಿಸಲು ಅಗಲ ಮಾಡಿರುತ್ತಾರೆ, ಕೆಲವಕ್ಕೆ ಏನೂ ಇರುವುದಿಲ್ಲ. ಏನೂ ಇಲ್ಲದ ಕಡೆ ವೇಗದ ರಸ್ತೆಯ ಅಂಚಿನಲ್ಲಿ ಇಂಡಿಕೇಟರ್ ಹಾಕಿ ಒಂದೇ ನಿಮಿಷ ಅಂತ ನಿಲ್ಲಿಸುವುದು ಬೇಡ. ಮುಂದಿನ ಅಡ್ಡರಸ್ತೆಗೆ ತಿರುಗಿ, ಅಲ್ಲಿ ನಿಲ್ಲಿಸಿ, ನಡೆದು ಬನ್ನಿ. ನಡೆಯುವಾಗ ಎದುರಿನಿಂದ ಬರುವ ಗಾಡಿ ನಿಮಗೆ ಕಾಣುವ ಹಾಗೆ ನಡೆಯಿರಿ. ಹೊಳೆಯುವ ಬಣ್ಣದ ಜಾಕೆಟ್ ಹಾಕಿಕೊಂಡರೆ ಎರಡು ಲಾಭ: ಡ್ರೈವರ್‌ಗಳಿಗೆ ನೀವು ಕಾಣುತ್ತೀರಿ, ನೋಡುವವರು ಇವರು ಯಾವುದೋ ಇಲಾಖೆಯವರು ಅಂದುಕೊಂಡು ಸುಮ್ಮನಾಗುತ್ತಾರೆ.

ಫೋನ್ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಫಲಕದ ಫೋಟೋ ತೆಗೆಯುವಾಗ ಎಲ್ಲರೂ ಮಾಡುವುದು ಇದನ್ನೇ. ಪೂರ್ತಿ ಚೌಕಟ್ಟು ಬರಲಿ ಅಂತ ಹಿಂದೆ ಸರಿಯುತ್ತಾ ಸರಿಯುತ್ತಾ ರಸ್ತೆಗೆ ಇಳಿದಿರುತ್ತಾರೆ. ಪೂರ್ತಿ ಬರದಿದ್ದರೆ ಎರಡು ಫೋಟೋ ತೆಗೆಯಿರಿ.

ಫಲಕವನ್ನು ಓದುವ ಕ್ರಮ

ಮೊದಲು ಎರಡೂ ಬದಿ ನೋಡಿ. ಇದು ಸಣ್ಣ ಮಾತಲ್ಲ. ಅಮೆರಿಕದ ರಾಜ್ಯಗಳ ಫಲಕಗಳಲ್ಲಿ ಕೆಲವು ಎರಡೂ ಬದಿಗೆ ಒಂದೇ ಪಠ್ಯ ಇಟ್ಟುಕೊಂಡಿರುತ್ತವೆ, ಕೆಲವು ಮುಂದೆ ಒಂದು ಕಥೆ, ಹಿಂದೆ ಇನ್ನೊಂದು. ಮೂರನೇ ಸಾಲಿನಲ್ಲಿರುವ ಇಸವಿ ಅಂತ ಪುಟ ಕೇಳಿದಾಗ ಯಾವ ಬದಿಯ ಮೂರನೇ ಸಾಲು ಅನ್ನುವುದು ಮುಖ್ಯ.

ಆಮೇಲೆ ಅಂಚುಗಳು. ಜನ ನಡುವಿನ ಕಥೆ ಓದುತ್ತಾರೆ, ಮೇಲಿನ ಸಣ್ಣ ಸಂಕೇತವನ್ನೂ ಕೆಳಗಿನ ಸಾಲನ್ನೂ ಬಿಡುತ್ತಾರೆ. ವರ್ಜೀನಿಯಾ ರಾಜ್ಯ 1927ರಲ್ಲಿ ಹೆದ್ದಾರಿ ಫಲಕ ನಿಲ್ಲಿಸಲು ಶುರು ಮಾಡಿತು. ಅಲ್ಲಿ ಪ್ರತಿ ಫಲಕಕ್ಕೂ ಅಕ್ಷರ ಮತ್ತು ಅಂಕಿ ಸೇರಿದ ಒಂದು ಸಂಕೇತ ಇದೆ. ಕೆಳಗಡೆ ಫಲಕ ನಿಲ್ಲಿಸಿದ ಸಂಸ್ಥೆಯ ಹೆಸರು, ನಿಲ್ಲಿಸಿದ ವರ್ಷ ಇರುತ್ತದೆ. ಒಗಟು ಕಟ್ಟುವವರಿಗೆ ಈ ಸಂಕೇತ ಮತ್ತು ಈ ವರ್ಷ ಅಂದರೆ ಬಹಳ ಪ್ರೀತಿ.

ಮತ್ತೊಂದು ಮಾತು, ಫಲಕ ಹೇಳಿದ್ದೇ ವೇದ. ಅಲ್ಲಿ ಇಸವಿ ತಪ್ಪಿರಬಹುದು, ಇತಿಹಾಸಕಾರರು ಆಮೇಲೆ ಬೇರೆ ದಿನಾಂಕ ಕಂಡುಕೊಂಡಿರಬಹುದು, ನೀವೇ ಆ ವಿಷಯದಲ್ಲಿ ಪಂಡಿತರಾಗಿರಬಹುದು. ಲೆಕ್ಕಕ್ಕೆ ಬೇಕಿರುವುದು ಲೋಹದ ಮೇಲೆ ಇರುವ ಅಂಕಿ, ಸತ್ಯವಾದ ಅಂಕಿಯಲ್ಲ. ತಿದ್ದುವ ಆಸೆ ಇದ್ದರೆ ಫಲಕ ನಿಲ್ಲಿಸಿದ ಸಂಸ್ಥೆಗೆ ಪತ್ರ ಬರೆಯಿರಿ, ಆಟದಲ್ಲಿ ತಿದ್ದಬೇಡಿ.

ಅಕ್ಷರ ಮಾಸಿದ್ದರೆ? ಉಜ್ಜಬೇಡಿ. ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಮ್, ತಂತಿ ಬ್ರಷ್, ಇವೆಲ್ಲ ಹಳೆಯ ಕಾಲದ ಉಪಾಯಗಳು, ಇವೆಲ್ಲ ಫಲಕವನ್ನೂ ಕಲ್ಲನ್ನೂ ಹಾಳು ಮಾಡುತ್ತವೆ. ಫೋನಿನ ಟಾರ್ಚನ್ನು ಫಲಕದ ಬದಿಯಿಂದ, ಮೈಗೆ ಹೆಚ್ಚುಕಮ್ಮಿ ಒರಗಿದ ಹಾಗೆ ಹಿಡಿಯಿರಿ. ಬೆಳಕು ಅಡ್ಡಡ್ಡ ಬಿದ್ದಾಗ ಉಬ್ಬಿದ ಅಕ್ಷರಕ್ಕೆ ನೆರಳು ಬೀಳುತ್ತದೆ, ನೇರ ಬೆಳಕಿನಲ್ಲಿ ಕಾಣದಿದ್ದದ್ದು ಎದ್ದು ಕಾಣುತ್ತದೆ. ಒಬ್ಬರು ಟಾರ್ಚ್ ಹಿಡಿದು ಇನ್ನೊಬ್ಬರು ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಆ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ ನೋಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋದರೆ ಟಾರ್ಚೂ ಬೇಡ.

ಫಲಕವೇ ಕಾಣೆಯಾಗಿದ್ದರೆ, ಗಾಡಿ ಗುದ್ದಿ ಬಿದ್ದಿದ್ದರೆ, ರಿಪೇರಿಗೆ ಹೋಗಿದ್ದರೆ, ಆಗಲೂ ಒಂದು ದಾರಿ ಇದೆ. ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್ ಅಂತ ಒಂದು ತಾಣ 2006ರಿಂದ ಇದೆ, ಅಲ್ಲಿ ಫಲಕಗಳ ಪೂರ್ತಿ ಪಠ್ಯ ಮತ್ತು ಫೋಟೋಗಳನ್ನು ಜನರೇ ಹಾಕಿಟ್ಟಿದ್ದಾರೆ. ಮನೆಯಲ್ಲೇ ಕೂತು ಅದನ್ನು ನೋಡಿ ಲೆಕ್ಕ ಮಾಡಿಕೊಂಡು ನೇರ ಡಬ್ಬಿಗೆ ಹೋಗುವವರಿದ್ದಾರೆ. ನಿಯಮದ ಪ್ರಕಾರ ತಪ್ಪೇನಲ್ಲ. ಆದರೆ ಕಣ್ಣೆದುರಿಗೆ ಫಲಕ ಇರುವಾಗ ಹಾಗೆ ಮಾಡಿದರೆ ಆಟದಲ್ಲಿ ಉಳಿಯುವುದೇನು, ಅಲ್ವಾ?

ಲೆಕ್ಕ

ಒಂದು ಕಲ್ಪನೆಯ ಫಲಕ ತೆಗೆದುಕೊಳ್ಳೋಣ. ಅದರಲ್ಲಿ ಹೀಗಿದೆ: 1863ರಲ್ಲಿ ಇಲ್ಲಿಂದ 2 ಮೈಲಿ ಉತ್ತರಕ್ಕೆ ಮರದ ಸೇತುವೆ ಕಟ್ಟಿದರು, 1889ರ ನೆರೆಯಲ್ಲಿ ಅದು ಕೊಚ್ಚಿಹೋಯಿತು. ಕೆಳಗೆ, ಫಲಕ ನಿಲ್ಲಿಸಿದ್ದು 1954. ಪುಟ ಕೇಳುವುದು ಹೀಗೆ: ಎ ಅಂದರೆ ಸೇತುವೆ ಕಟ್ಟಿದ ಇಸವಿಯ ಮೂರನೇ ಅಂಕಿ. ಬಿ ಅಂದರೆ ನೆರೆ ಬಂದ ಇಸವಿಯ ಕೊನೆಯ ಅಂಕಿ. ಸಿ ಅಂದರೆ ಮೈಲಿ. ಡಿ ಅಂದರೆ ಫಲಕ ನಿಲ್ಲಿಸಿದ ವರ್ಷದ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿದ್ದು.

ಎ 6, ಬಿ 9, ಸಿ 2. ಡಿ ಹುಷಾರಾಗಿ ಮಾಡಿ. 1, 9, 5, 4 ಕೂಡಿದರೆ 19. ಅಲ್ಲಿಗೆ ನಿಲ್ಲಿಸಬೇಡಿ. 1 ಮತ್ತು 9 ಕೂಡಿದರೆ 10, 1 ಮತ್ತು 0 ಕೂಡಿದರೆ 1. ಒಂದು ಅಂಕಿಯ ಜಾಗಕ್ಕೆ 19 ತುರುಕಲು ಹೋದಾಗ ಹಿಡಿಸುವುದಿಲ್ಲ, ಆಗಲೇ ನಿಮಗೆ ತಿಳಿಯಬೇಕು ಎಲ್ಲೋ ಎಡವಟ್ಟಾಗಿದೆ ಅಂತ. ಪುಟದಲ್ಲಿ ಬರೀ ಅಂಕಿಗಳ ಮೊತ್ತ ಅಂತ ಇದ್ದರೆ 19ಕ್ಕೇ ನಿಲ್ಲಬೇಕು, ಒಂದೇ ಅಂಕಿಗೆ ಇಳಿಸಿ ಅಂತ ಇದ್ದರೆ ಮಾತ್ರ ಮುಂದೆ ಹೋಗಬೇಕು. ಈ ಎರಡನ್ನು ಬೆರೆಸಿಕೊಂಡು ಕೆಟ್ಟವರು ಬಹಳ ಜನ.

ಈಗ ಸೂತ್ರ. ಇಲ್ಲಿ ನಿಮಿಷ ಅಂದರೆ ಸಮಯವಲ್ಲ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಅಕ್ಷಾಂಶದ ನಿಮಿಷ 12, ಚುಕ್ಕಿಯ ನಂತರ ಮೊದಲು ಎ ಕಳೆ ಸಿ, ಆಮೇಲೆ ಡಿ, ಆಮೇಲೆ ಬಿ. ಅಂದರೆ 12.419. ರೇಖಾಂಶದ ನಿಮಿಷ 8, ಚುಕ್ಕಿಯ ನಂತರ ಸಿ, ಎ, ಡಿ ಕೂಡು ಸಿ. ಅಂದರೆ 8.263. ಫಲಕ ಇರುವುದು 12.350 ಮತ್ತು 8.300ರಲ್ಲಿ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ ಒಂದು ಕಡೆ 0.069, ಇನ್ನೊಂದು ಕಡೆ 0.037.

ಇದು ಎಷ್ಟು ದೂರ? ಅಕ್ಷಾಂಶದ ನಿಮಿಷದಲ್ಲಿ ಸಾವಿರದ ಒಂದು ಭಾಗ ಅಂದರೆ ಭೂಮಿಯ ಮೇಲೆ ಎಲ್ಲಿದ್ದರೂ ಸುಮಾರು 1.85 ಮೀಟರ್. ರೇಖಾಂಶ ಹಾಗಲ್ಲ, ಸಮಭಾಜಕದಿಂದ ದೂರ ಹೋದಷ್ಟೂ ಕಿರಿದಾಗುತ್ತದೆ. 40 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1.4 ಮೀಟರ್, 60 ಡಿಗ್ರಿಗೆ ಹೋದರೆ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಫಲಕ 40 ಡಿಗ್ರಿಯಲ್ಲಿದೆ ಅಂದರೆ ಒಂದು ಕಡೆ 128 ಮೀಟರ್, ಇನ್ನೊಂದು ಕಡೆ 52 ಮೀಟರ್, ನೇರವಾಗಿ ಅಳೆದರೆ ಸುಮಾರು 138. ನಡೆದು ಹೋಗುವ ದೂರ, ನಂಬಬಹುದು. ಲೆಕ್ಕ ಮಾಡಿದಾಗ ಜಾಗ ನದಿಯ ನಡುವೆ ಬಂದರೆ, ಯಾರದೋ ಮನೆಯ ಅಂಗಳದಲ್ಲಿ ಬಂದರೆ, ಅಲ್ಲಿಗೆ ಹೊರಡಬೇಡಿ. ಮತ್ತೆ ಫಲಕಕ್ಕೆ ಬನ್ನಿ.

ಯಾವ ಅಂಕಿಯನ್ನು ಎರಡು ಸಲ ನೋಡಬೇಕು ಅನ್ನುವುದಕ್ಕೂ ಇದೇ ಲೆಕ್ಕ ದಾರಿ ತೋರಿಸುತ್ತದೆ. ಚುಕ್ಕಿಯ ನಂತರದ ಮೊದಲ ಅಂಕಿಯಲ್ಲಿ ಒಂದು ತಪ್ಪಿದರೆ 185 ಮೀಟರ್ ಆಚೆ ಹೋಗುತ್ತೀರಿ. ಎರಡನೆಯದರಲ್ಲಿ ತಪ್ಪಿದರೆ 18. ಮೂರನೆಯದರಲ್ಲಿ ಒಂದು ಆಚೀಚೆ ಆದರೆ ಎರಡು ಮೀಟರ್ ಕೂಡ ಇಲ್ಲ, ಹುಡುಕಾಟದಲ್ಲಿ ಸರಿಹೋಗುತ್ತದೆ. ಹಾಗಾಗಿ ನಮ್ಮ ಉದಾಹರಣೆಯಲ್ಲಿ ಕಣ್ಣಿಡಬೇಕಾದ್ದು ಎ ಮತ್ತು ಸಿ ಮೇಲೆ. ಮೈಲಿ 2 ಅಂತ ಇದ್ದದ್ದನ್ನು 3 ಅಂತ ಓದಿದರೆ ಇಡೀ ಮಧ್ಯಾಹ್ನ ತಪ್ಪು ಜಾಗದಲ್ಲಿ ಕಳೆಯಬೇಕಾಗುತ್ತದೆ. ಪುಟದಲ್ಲಿ ಉತ್ತರ ಪರೀಕ್ಷಿಸುವ ಲಿಂಕ್ ಕೊಟ್ಟಿದ್ದರೆ ಅದರಲ್ಲಿ ಒಮ್ಮೆ ಹಾಕಿ ನೋಡಿ.

ಇನ್ನೊಂದು ಕಡೆ ಜನ ಮುಗ್ಗರಿಸುತ್ತಾರೆ. ಜಿಯೋಕ್ಯಾಶಿಂಗ್‌ನಲ್ಲಿ ಬಳಸುವುದು ಡಿಗ್ರಿ, ಮತ್ತು ಚುಕ್ಕಿ ಇರುವ ನಿಮಿಷ. ಮಾಮೂಲಿ ನಕ್ಷೆ ಆ್ಯಪ್‌ಗಳು ಹೆಚ್ಚಾಗಿ ಚುಕ್ಕಿ ಇರುವ ಡಿಗ್ರಿಯಲ್ಲಿ ತೋರಿಸುತ್ತವೆ. ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ ಮೀಟರಲ್ಲ, ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ.

ಹುಡುಕುವುದು

ಬಾಣದ ಗುರುತು ಸೊನ್ನೆ ತೋರಿಸಿದ ತಕ್ಷಣ ಕಾಲ ಬುಡದಲ್ಲಿ ಡಬ್ಬಿ ಇರುತ್ತದೆ ಅಂದುಕೊಳ್ಳಬೇಡಿ. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿ ಇರುತ್ತದೆ. ಬಚ್ಚಿಟ್ಟವರ ಫೋನಿಗೂ ಅದೇ ತಪ್ಪು ಇತ್ತು. ಎರಡೂ ಸೇರಿದರೆ ಹತ್ತು ಮೀಟರ್ ವ್ಯತ್ಯಾಸ ಆಗಬಹುದು. ಐದಾರು ಮೀಟರ್ ಇರುವಾಗಲೇ ಫೋನ್ ಜೇಬಿಗೆ ಹಾಕಿ, ಕಣ್ಣಿಂದ ನೋಡಿ. ನಾನಾದರೆ ಎಲ್ಲಿ ಇಡುತ್ತಿದ್ದೆ ಅಂತ ಕೇಳಿಕೊಳ್ಳಿ.

ಲೋಹದ ಬಗ್ಗೆ ಸ್ವಲ್ಪ ತಿಳಿದಿದ್ದರೆ ಬಹಳ ಸಮಯ ಉಳಿಯುತ್ತದೆ. ರಸ್ತೆ ಬದಿಯ ಫಲಕಗಳು ಹೆಚ್ಚಾಗಿ ಅಲ್ಯುಮಿನಿಯಂ ಎರಕ, ಕೆಲವು ಕಂಚು. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಂದ ಮೇಲೆ ಮ್ಯಾಗ್ನೆಟಿಕ್ ನ್ಯಾನೋ ಅಂತ ಗೊತ್ತಿದ್ದರೆ ಫಲಕದ ಹಿಂದೆ ಕೈಯಾಡಿಸುವುದು ದಂಡ. ಹತ್ತಿರದಲ್ಲಿ ಉಕ್ಕು ಎಲ್ಲಿದೆ ನೋಡಿ. ರಸ್ತೆಯ ತಡೆಬೇಲಿ ಸತು ಬಳಿದ ಉಕ್ಕು, ಅದಕ್ಕೆ ಅಂಟುತ್ತದೆ. ಅದರ ತುದಿ ಎಲ್ಲಿ ಬಾಗಿದೆಯೋ ಅಲ್ಲಿ, ಕಂಬಕ್ಕೆ ಸೇರುವಲ್ಲಿ, ಹಿಂಬದಿಯಲ್ಲಿ, ಗಾಡಿಯ ಕೀಲಿ ಬಚ್ಚಿಡಲು ಬಳಸುವಂಥ ಸಣ್ಣ ಡಬ್ಬಿ ಅಂಟಿಸಿರುತ್ತಾರೆ. ಕೆಲವೊಮ್ಮೆ ಬೋಲ್ಟ್‌ಗಳ ಸಾಲಿನಲ್ಲಿ ಒಂದು ಬೋಲ್ಟ್ ಸುಮ್ನೆ ಅಲ್ಲಿರುತ್ತದೆ, ಏನನ್ನೂ ಹಿಡಿದಿರುವುದಿಲ್ಲ. ಅದೇ ಡಬ್ಬಿ.

ಕೈ ಹಾಕುವ ಮುಂಚೆ ಟಾರ್ಚ್ ಬಿಟ್ಟು ನೋಡಿ. ಟೊಳ್ಳು ಕಂಬ, ತಡೆಬೇಲಿಯ ಒಳಮೈ, ಇವು ಕಣಜಗಳಿಗೆ ಇಷ್ಟದ ಜಾಗ. ಕಲ್ಲಿನ ಸಂದಿಯಲ್ಲಿ ಹಾವು, ಜೇಡ ಇರಬಹುದು.

ಯಾವುದನ್ನೂ ಬಿಚ್ಚಬೇಡಿ. ಸ್ಕ್ರೂ, ವಿದ್ಯುತ್ ಪೆಟ್ಟಿಗೆ, ಫಲಕದ ಬೋಲ್ಟ್, ಒಂದನ್ನೂ. ನಿಯಮದ ಪ್ರಕಾರ ಇಟ್ಟ ಡಬ್ಬಿ ಸಿಗಲು ಹಾನಿ ಮಾಡುವ ಅಗತ್ಯ ಬೀಳುವುದಿಲ್ಲ. ಸ್ಪ್ಯಾನರ್ ಬೇಕೇನೋ ಅಂತ ಅನ್ನಿಸಿದರೆ ನೀವು ತಪ್ಪು ಜಾಗದಲ್ಲಿದ್ದೀರಿ. ಹಾಗೆಯೇ ಹಳೆಯ ಕಲ್ಲುಗೋಡೆ ಇದ್ದರೆ ಕಲ್ಲು ಕೀಳಬೇಡಿ. ಸಮಾಧಿ ಕಲ್ಲುಗಳಿದ್ದರೆ ಅದರ ಹತ್ತಿರ ಹುಡುಕುವ ಕೆಲಸವೇ ಬೇಡ.

ಈ ಆಟದಲ್ಲಿ ಆಟ ಗೊತ್ತಿಲ್ಲದ ದಾರಿಹೋಕರನ್ನು ಮಗಲ್ ಅನ್ನುತ್ತಾರೆ. ಅವರ ಎದುರಿಗೆ ಡಬ್ಬಿ ತೆಗೆಯಬಾರದು. ತೆಗೆದರೆ ನೀವು ಹೋದ ಮೇಲೆ ಅವರು ಬಂದು ಒಯ್ಯಬಹುದು. ಬೇರೆ ಜಾಗಗಳಲ್ಲಿ ನೆಪ ಹುಡುಕಬೇಕು. ಇಲ್ಲಿ ನೆಪ ಕಂಬದ ಮೇಲೇ ಇದೆ, ಫಲಕ ಓದುತ್ತಾ ನಿಲ್ಲಿ. ಪೊಲೀಸರು ಬಂದು ಕೇಳಿದರೆ ಸುಳ್ಳು ಹೇಳಬೇಡಿ, ಆ್ಯಪ್ ತೆರೆದು ಪುಟ ತೋರಿಸಿ. ಕೈಯಲ್ಲಿ ಸಣ್ಣ ಲೋಹದ ಕೊಳವೆ ಹಿಡಿದುಕೊಂಡು ತಡವರಿಸುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ, ಅದು ಅವರ ತಪ್ಪಲ್ಲ.

ಸಿಕ್ಕ ಮೇಲೆ, ಸಿಗದಿದ್ದರೆ

ಸಿಕ್ಕಿದರೆ ಹಾಳೆಯಲ್ಲಿ ನಿಮ್ಮ ಆಟದ ಹೆಸರು, ದಿನಾಂಕ ಬರೆಯಿರಿ. ಬಿಗಿಯಾಗಿ ಸುತ್ತಿ, ಮುಚ್ಚಳದ ರಬ್ಬರ್ ನಡುವೆ ಕಾಗದ ಸಿಕ್ಕಿಕೊಳ್ಳದ ಹಾಗೆ ಮುಚ್ಚಿ. ಒಳಗೆ ನೀರು ಹೋಗುವುದು ಇಲ್ಲಿಂದಲೇ. ದೊಡ್ಡ ಡಬ್ಬಿಯಲ್ಲಿ ಆಟಿಕೆ ಏನಾದರೂ ಇದ್ದು ತೆಗೆದುಕೊಂಡರೆ, ಅದರಷ್ಟೇ ಬೆಲೆಯದ್ದೋ ಇನ್ನೂ ಒಳ್ಳೆಯದ್ದೋ ಇಡಿ. ತಿಂಡಿ ಮಾತ್ರ ಇಡಬೇಡಿ, ಪ್ರಾಣಿಗಳು ಡಬ್ಬಿಯನ್ನೇ ಕಚ್ಚಿ ಹಾಕುತ್ತವೆ. ಸಿಕ್ಕ ಜಾಗದಲ್ಲೇ, ಸಿಕ್ಕ ಹಾಗೆಯೇ ಇಡಿ. ಇನ್ನೂ ಚೆನ್ನಾಗಿ ಬಚ್ಚಿಡುತ್ತೇನೆ ಅನ್ನುವ ಉಪಕಾರ ಬೇಡ.

ಆನ್‌ಲೈನ್ ಲಾಗ್‌ನಲ್ಲಿ ಥ್ಯಾಂಕ್ಸ್ ಅಂತ ಒಂದೇ ಪದ ಬರೆದು ಓಡಬೇಡಿ. ಫಲಕದಲ್ಲಿ ಓದಿದ್ದು ಏನಾದರೂ ಹಿಡಿಸಿದ್ದರೆ ಒಂದು ಸಾಲು ಬರೆಯಿರಿ, ಜಾಗ ತೋರಿಸಿದ ಮಾಲೀಕರಿಗೆ ಅದಕ್ಕಿಂತ ದೊಡ್ಡ ಖುಷಿ ಇಲ್ಲ. ಆದರೆ ಉತ್ತರದ ಅಂಕಿಗಳನ್ನೂ, ಬಚ್ಚಿಟ್ಟ ಜಾಗದ ಫೋಟೋವನ್ನೂ ಹಾಕಬೇಡಿ.

ಸಿಗದಿದ್ದರೆ ಸಿಗಲಿಲ್ಲ ಅಂತಲೇ ಲಾಗ್ ಮಾಡಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ, ಮಾಲೀಕರಿಗೆ ಡಬ್ಬಿ ಹೋಗಿದೆ ಅಂತ ತಿಳಿಯುವುದೇ ಹೀಗೆ. ಜೇಬಿನಿಂದ ಹೊಸ ಡಬ್ಬಿ ತೆಗೆದು ಅಲ್ಲಿಟ್ಟು ಸಿಕ್ಕಿತು ಅಂತ ಬರೆಯುವ ಚಾಳಿ ಕೆಲವರಿಗಿದೆ. ನನಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ಹಳೆಯದು ಅಲ್ಲೇ ಇರುತ್ತದೆ, ಎರಡು ಡಬ್ಬಿ ಆಗುತ್ತವೆ, ಮುಂದೆ ಬಂದವರು ತಲೆ ಕೆರೆದುಕೊಳ್ಳುತ್ತಾರೆ.

ನೀವೇ ಒಂದು ಇಡಬೇಕು ಅಂದರೆ

ಮೊದಲು ಒಂದಷ್ಟು ಹುಡುಕಿ, ಬೇರೆ ಬೇರೆ ಬಗೆಯವು. ಆಮೇಲೆ ಫಲಕ ಆರಿಸಿ. ಫಲಕ ಚೆನ್ನಾಗಿದ್ದರೆ ಸಾಲದು, ಗಾಡಿ ನಿಲ್ಲಿಸಲು ಜಾಗ ಇರಬೇಕು. ಇಲ್ಲದಿದ್ದರೆ ಆ ಫಲಕವನ್ನು ಬಿಟ್ಟುಬಿಡಿ, ಎಷ್ಟೇ ಒಳ್ಳೆಯ ಕಥೆ ಇದ್ದರೂ.

ಡಬ್ಬಿಯನ್ನು ಫಲಕಕ್ಕಾಗಲಿ ಅದರ ಕಂಬಕ್ಕಾಗಲಿ ಅಂಟಿಸಬೇಡಿ. ಅದು ಯಾರದೋ ಆಸ್ತಿ, ಜನ ಹುಡುಕುತ್ತಾ ಹುಡುಕುತ್ತಾ ಅದನ್ನು ಸವೆಸುತ್ತಾರೆ. ಮಲ್ಟಿ ಮಾಡಿ. ಫಲಕ ಪ್ರಶ್ನೆ ಕೇಳಲಿ, ಡಬ್ಬಿ ಸ್ವಲ್ಪ ದೂರದಲ್ಲಿ, ರಸ್ತೆಯಿಂದ ಆಚೆ, ಅನುಮತಿ ಸಿಕ್ಕ ಜಾಗದಲ್ಲಿ ಇರಲಿ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಎರಡು ಕ್ಯಾಶ್‌ಗಳ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗ, ಅಂತರ ಇರಬೇಕು. ಆದರೆ ನೀವೇನೂ ಇಡದೆ ಬರೀ ಓದಿಸುವ ಹಂತಕ್ಕೆ ಈ ನಿಯಮ ಇಲ್ಲ. ಫಲಕದ ಪಕ್ಕದಲ್ಲೇ ಬೇರೆಯವರ ಡಬ್ಬಿ ಇದ್ದರೂ ಫಲಕವನ್ನು ನೀವು ಬಳಸಬಹುದು. ಡಬ್ಬಿಯೇ ಬೇಡ ಅನ್ನಿಸಿದರೆ ಅಡ್ವೆಂಚರ್ ಲ್ಯಾಬ್ ಇದೆ. ಅದರಲ್ಲಿ ಆಡುವವರು ಜಾಗಕ್ಕೆ ಹೋಗಿ, ಫೋನಿನಲ್ಲೇ ಉತ್ತರ ಕೊಟ್ಟು ಮುಂದೆ ಹೋಗುತ್ತಾರೆ. ಅದನ್ನು ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೆ ಫಲಕಗಳ ಸಾಲಿಗೆ ಅದು ಬಹಳ ಒಪ್ಪುತ್ತದೆ.

ಅನುಮತಿ ಕೇಳುವುದು ಬೋರು, ಗೊತ್ತು. ಆದರೂ ಕೇಳಿ. ರಸ್ತೆ ಒಬ್ಬರದು, ಫಲಕ ಇನ್ನೊಬ್ಬರದು, ಹಿಂದಿನ ಜಮೀನು ಮತ್ತೊಬ್ಬರದು ಇರಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಂತೂ ಅನುಮತಿ ಇಲ್ಲದೆ ಡಬ್ಬಿ ಇಡುವ ಹಾಗೇ ಇಲ್ಲ. ಡಬ್ಬಿಯ ಹೊರಗೆ ಇದು ಜಿಯೋಕ್ಯಾಶ್ ಅಂತ ದೊಡ್ಡದಾಗಿ ಬರೆಯಿರಿ, ಒಳಗಿರುವುದು ಕಾಣುವಂಥ ಪಾರದರ್ಶಕ ಡಬ್ಬಿಯಾದರೆ ಇನ್ನೂ ಒಳ್ಳೆಯದು. ರಸ್ತೆ ಬದಿಯಲ್ಲಿ ಟೇಪು ಸುತ್ತಿದ ಕೊಳವೆ ಕಂಡು ಬಾಂಬ್ ದಳ ಬಂದ ಪ್ರಸಂಗಗಳು ಈ ಆಟದಲ್ಲಿ ಆಗಿವೆ.

ಪ್ರಶ್ನೆ ಹೇಗಿರಬೇಕು? ಬೇಗ ಬದಲಾಗುವುದನ್ನು ಕೇಳಬೇಡಿ. ಬೋಲ್ಟ್‌ಗಳ ಸಂಖ್ಯೆ, ಕಂಬದ ಬಣ್ಣ, ಪಕ್ಕದ ಬೋರ್ಡಿನ ಅಂಕಿ, ಇವೆಲ್ಲ ಮುಂದಿನ ರಿಪೇರಿಯಲ್ಲಿ ಹೋಗುತ್ತವೆ. ಕಥೆಯೊಳಗಿನ ಇಸವಿ ಗಟ್ಟಿ. ಫಲಕ ನಿಲ್ಲಿಸಿದ ವರ್ಷ ಅಷ್ಟು ಗಟ್ಟಿಯಲ್ಲ, ಹಳೆಯದನ್ನು ತೆಗೆದು ಹೊಸದು ಹಾಕಿದಾಗ ಅದು ಬದಲಾಗಬಹುದು. ಐದನೇ ಸಾಲಿನ ಮೂರನೇ ಪದದ ಅಕ್ಷರ ಎಣಿಸಿ ಅನ್ನುವ ಪ್ರಶ್ನೆಯೂ ಬೇಡ. ಅದಕ್ಕೆ ಉತ್ತರಿಸಲು ಫಲಕ ಓದಬೇಕಾಗಿಲ್ಲ, ಎಣಿಸಿದರೆ ಸಾಕು. ಸೇತುವೆ ಕೊಚ್ಚಿಹೋಗುವ ಹೊತ್ತಿಗೆ ಅದಕ್ಕೆ ಎಷ್ಟು ವರ್ಷವಾಗಿತ್ತು ಅಂತ ಕೇಳಿ ನೋಡಿ. ಉತ್ತರ 26. ಅದನ್ನು ಕಂಡುಹಿಡಿಯಬೇಕಾದರೆ ಕಥೆ ತಲೆಗೆ ಹೋಗಲೇಬೇಕು.

ನಿರ್ದೇಶಾಂಕವನ್ನು ಒಂದೇ ಸಲ ತೆಗೆದುಕೊಂಡು ಮುಗಿಸಬೇಡಿ. ಬೇರೆ ಬೇರೆ ದಿನ ಹೋಗಿ ಅಳೆದು ಸರಾಸರಿ ಮಾಡಿ. ಸೂತ್ರ ಬರೆದ ಮೇಲೆ ಆಟ ಗೊತ್ತಿರುವ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತು, ಅವರು ಎಲ್ಲಿಗೆ ಹೋಗುತ್ತಾರೆ ನೋಡಿ.

ಪ್ರಕಟವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಹಾಳೆ ಒದ್ದೆಯಾಗುತ್ತದೆ, ತುಂಬುತ್ತದೆ, ಬದಲಿಸಬೇಕು. ಫಲಕ ಕಾಣೆಯಾದ ಸುದ್ದಿ ಬಂದ ದಿನವೇ ಕ್ಯಾಶನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇಲ್ಲದಿದ್ದರೆ ಜನ ಬರೀ ಕಂಬದ ಗುಂಡಿ ನೋಡಿಕೊಂಡು ಹೋಗುತ್ತಾರೆ. ಹೊಸ ಫಲಕ ಬಂದಾಗ ಹಳೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲನ್ನೂ ಹೋಲಿಸಿ. ಹೊಸದಾಗಿ ಎರಕ ಹೊಯ್ಯುವಾಗ ಪಠ್ಯವನ್ನು ತಿದ್ದುವುದು, ಇಸವಿ ಸರಿಪಡಿಸುವುದು ಉಂಟು. ಒಂದು ಅಂಕಿ ಬದಲಾಗಿದ್ದರೂ ಸೂತ್ರ ತಿದ್ದಿ, ಪುಟದಲ್ಲಿ ಹೊಸ ಫಲಕ ಅಂತ ಬರೆದು, ಆಮೇಲೆ ಮತ್ತೆ ಶುರು ಮಾಡಿ.